ಶಾಸ್ತ್ರದಾನದ ಮರೆತ ಶಾಖೆ: ನ್ಯಾಯವಿದ್ಯೆಗೆ ದತ್ತಿ

ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳನ್ನು ನಮ್ಮ ಮನೆಗಳಲ್ಲಿ ಎಳೆಯ ಮಕ್ಕಳೂ ಬಲ್ಲರು. ಮನೆಮಾತು ಕನ್ನಡವಿರಲಿ, ಮರಾಠಿ, ಗುಜರಾತಿ ಅಥವಾ ಹಿಂದಿ ಇರಲಿ, ಈ ನಾಲ್ಕು ಹೆಸರುಗಳು ಮಾತ್ರ ಎಲ್ಲರ ಬಾಯಲ್ಲಿ ಒಂದೇ. ಇವುಗಳಲ್ಲಿ ಶಾಸ್ತ್ರದಾನವೆಂದೊಡನೆ ಕನ್ನಡಿಗರ ನೆನಪಿಗೆ ಬರುವವಳು ದಾನಚಿಂತಾಮಣಿ ಅತ್ತಿಮಬ್ಬೆ. ಮುದ್ರಣಯಂತ್ರವಿಲ್ಲದ ಹತ್ತನೆಯ ಶತಮಾನದಲ್ಲಿ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಯಿಸಿ ಹಂಚಿದ ಆ ಮಹಾತಾಯಿಯ ಕಾರ್ಯವನ್ನು ಇಂದಿನ ಲೆಕ್ಕದಲ್ಲಿ ಅಳೆಯುವುದು ಕಷ್ಟ. ಓಲೆಗರಿಯನ್ನು ಸಿದ್ಧಪಡಿಸುವವರು, ಕಂಠದಿಂದ ಅಕ್ಷರ ಕೊರೆಯುವ ಲಿಪಿಕಾರರು, ತಪ್ಪು ತಿದ್ದುವ ವಿದ್ವಾಂಸರು, ಅವರೆಲ್ಲರ ಅಶನವಸನ, ಇಷ್ಟೂ ಆ ಒಂದು ದಾನದಲ್ಲಿ ಅಡಗಿತ್ತು. ಅಂದರೆ ಶಾಸ್ತ್ರದಾನವು ಗ್ರಂಥವನ್ನು ಕೈಗೆ ಕೊಡುವುದಕ್ಕಷ್ಟೇ ಸೀಮಿತವಲ್ಲ. ಗ್ರಂಥವನ್ನು ಬಲ್ಲ ಮನುಷ್ಯರನ್ನು ಪೋಷಿಸುವುದೂ ಅದರಲ್ಲಿ ಸೇರಿದೆ.

ಈ ಅರ್ಥವಿಸ್ತಾರವನ್ನು ನಮ್ಮ ಹಿರಿಯರು ಚೆನ್ನಾಗಿ ಅರಿತಿದ್ದರು. 1899ರಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯು ಸ್ಥಾಪನೆಯಾದ ಕಾಲದಲ್ಲಿ ಬೆಳಗಾವಿ, ಕೊಲ್ಹಾಪುರ, ಸಾಂಗಲಿ ಸೀಮೆಯ ಶ್ರಾವಕರ ಮಕ್ಕಳಿಗೆ ಪಟ್ಟಣದಲ್ಲಿ ಉಳಿದು ಓದುವುದೇ ದೊಡ್ಡ ತೊಡಕಾಗಿತ್ತು. ಶಾಲೆಯಿದ್ದರೂ ಊಟವಿರಲಿಲ್ಲ, ಊಟ ದೊರೆತರೂ ನಮ್ಮ ಆಚಾರಕ್ಕೆ ಒಪ್ಪುವ ಊಟವಿರಲಿಲ್ಲ. ಮುಂಬಯಿಯ ದಾನವೀರ ಸೇಠ್ ಮಾಣಿಕಚಂದ ಹಿರಾಚಂದ ಝವೇರಿಯವರು (1851–1914) ಜೈನ ಬೋರ್ಡಿಂಗುಗಳಿಗೆ ಧನವೊದಗಿಸಿದ್ದು ಈ ತೊಡಕನ್ನು ನಿವಾರಿಸಲೆಂದೇ. ಸೂರತ್ ಮೂಲದ ಗುಜರಾತಿ ಮನೆತನದ ಒಬ್ಬ ರತ್ನವ್ಯಾಪಾರಿಯ ಹಣದಿಂದ ಕನ್ನಡ ಮತ್ತು ಮರಾಠಿ ಮನೆಗಳ ಹುಡುಗರು ಓದಿದರು. ಭಾಷೆಯ ಗಡಿಗಳನ್ನು ದಾನವು ಅಂದೇ ದಾಟಿತ್ತು ಎಂಬುದನ್ನು ಇಂದಿನ ತರುಣರು ಗಮನಿಸಬೇಕು. ಆ ಸಭೆಯ ಆರಂಭದ ಧುರೀಣರಲ್ಲಿ ಒಬ್ಬರಾದ ಅಣ್ಣಾಸಾಹೇಬ ಲಠ್ಠೆಯವರು (1878–1950) ಕಾನೂನು ಓದಿದವರು. ಅವರು ಮುಂದೆ ಕೊಲ್ಹಾಪುರ ಸಂಸ್ಥಾನದ ದಿವಾನರಾದರು. 1937ರ ಮುಂಬಯಿ ಮಂತ್ರಿಮಂಡಲದಲ್ಲಿ ಅರ್ಥಸಚಿವರೂ ಆದರು.

ಹೀಗಿದ್ದೂ ನಮ್ಮ ಸಮಾಜದ ವಿದ್ಯಾರ್ಥಿವೇತನಗಳ ಪಟ್ಟಿಯನ್ನು ಎದುರಿಗಿಟ್ಟುಕೊಂಡು ನೋಡಿದರೆ ವೈದ್ಯಕೀಯಕ್ಕೆ, ಇಂಜಿನಿಯರಿಂಗಿಗೆ, ಲೆಕ್ಕಪರಿಶೋಧನೆಗೆ ದೊರೆಯುವ ಸ್ಥಾನ ನ್ಯಾಯವಿದ್ಯೆಗೆ ದೊರೆಯುವುದು ವಿರಳ. ಇದಕ್ಕೆ ಒಂದು ಕಾರಣ ಗಾದೆಯಲ್ಲಿಯೇ ಇದೆ: ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ. ವ್ಯಾಜ್ಯಕ್ಕೆ ಹೋಗಬಾರದೆಂಬುದು ಒಳ್ಳೆಯ ಬುದ್ಧಿ. ಆದರೆ ವ್ಯಾಜ್ಯವು ತಾನಾಗಿ ಮನೆಯ ಹೊಸ್ತಿಲಿಗೆ ಬಂದಾಗ ಬಲ್ಲವನೊಬ್ಬನೂ ನಮ್ಮಲ್ಲಿಲ್ಲದಿರುವುದು ಬುದ್ಧಿಯಲ್ಲ. ರೋಗ ಬರಬಾರದೆಂದು ಬಯಸುವ ನಾವು ವೈದ್ಯವಿದ್ಯೆಗೆ ಧನ ಕೊಡುವುದನ್ನು ನಿಲ್ಲಿಸಿಲ್ಲವಷ್ಟೆ.

ನ್ಯಾಯಾಲಯದ ಎದುರು ಜೈನರು

ನಮ್ಮ ಸಮಾಜಕ್ಕೆ ನ್ಯಾಯವಿದ್ಯೆಯ ಅಗತ್ಯ ಎಷ್ಟಿತ್ತೆಂಬುದನ್ನು ಇತಿಹಾಸವೇ ಹೇಳುತ್ತದೆ. ಬ್ರಿಟಿಷರ ನ್ಯಾಯಾಲಯಗಳಲ್ಲಿ ಜೈನರ ಉತ್ತರಾಧಿಕಾರ, ದತ್ತಕ ಮೊದಲಾದ ಪ್ರಶ್ನೆಗಳು ಬಂದಾಗ ನ್ಯಾಯಾಧೀಶರು ಸಾಮಾನ್ಯವಾಗಿ ಹಿಂದೂ ಕಾನೂನನ್ನೇ ಅನ್ವಯಿಸುತ್ತಿದ್ದರು. ಬೇರೆ ರೂಢಿ ಇದೆಯೆಂದರೆ ಅದನ್ನು ಸಾಕ್ಷಿಗಳ ಮೂಲಕ ಸಿದ್ಧಮಾಡಿ ತೋರಿಸಬೇಕಾಗಿತ್ತು. 1878ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಮಾನಿಸಿದ ಶಿವಸಿಂಗ್ ರಾಯ್ ಮತ್ತು ದಾಖೋ ಎಂಬವರ ನಡುವಣ ಮೊಕದ್ದಮೆ ಇದಕ್ಕೆ ಪ್ರಸಿದ್ಧ ಉದಾಹರಣೆ. ಗಂಡನ ಅನುಮತಿಯಿಲ್ಲದೆಯೂ ಜೈನ ವಿಧವೆಯು ದತ್ತಕ ತೆಗೆದುಕೊಳ್ಳಬಹುದೆಂಬ ರೂಢಿಯು ಅಲ್ಲಿ ಮಾನ್ಯವಾಯಿತು. ಒಬ್ಬ ಹೆಣ್ಣುಮಗಳು ತನ್ನ ಸಮಾಜದಲ್ಲಿ ಎಲ್ಲರಿಗೂ ತಿಳಿದಿದ್ದ ಸಂಗತಿಯನ್ನು ಸಮುದ್ರದಾಚೆಯ ನ್ಯಾಯಪೀಠದವರೆಗೆ ಹೋಗಿ ಸಾಬೀತುಪಡಿಸಬೇಕಾಯಿತು. ನ್ಯಾಯಾಧೀಶರು ತೆರೆದು ನೋಡಬಹುದಾದ ಸುಲಭಗ್ರಂಥ ಆಗ ಇರಲಿಲ್ಲ.

ಆ ಕೊರತೆಯನ್ನು ನೀಗಿಸಹೊರಟವರು ನಮ್ಮವರೇ ಆದ ಇಬ್ಬರು ಬ್ಯಾರಿಸ್ಟರುಗಳು. ಜಗಮಂದರಲಾಲ ಜೈನಿಯವರು 1916ರಲ್ಲಿಯೂ, ಚಂಪತರಾಯ ಜೈನರು 1926ರಲ್ಲಿಯೂ ಜೈನ ಕಾನೂನಿನ ಮೇಲೆ ಇಂಗ್ಲಿಷಿನಲ್ಲಿ ಗ್ರಂಥಗಳನ್ನು ಹೊರತಂದರು. ಭದ್ರಬಾಹು ಸಂಹಿತೆಯಂಥ ಹಳೆಯ ಪಠ್ಯಗಳು ವಕೀಲರ ಮೇಜಿಗೆ ಬಂದದ್ದು ಇಂಥವರ ಶ್ರಮದಿಂದ. ಸರಿಸುಮಾರು ಅದೇ ಕಾಲದಲ್ಲಿ, 1927ರ ವರದಿಗಳಲ್ಲಿ ಮುದ್ರಿತವಾದ ಮದರಾಸು ಉಚ್ಚನ್ಯಾಯಾಲಯದ ಗಟ್ಟೆಪ್ಪ ಮತ್ತು ಎರಮ್ಮ ಎಂಬವರ ಮೊಕದ್ದಮೆಯಲ್ಲಿ (ಹೆಸರುಗಳೇ ಕನ್ನಡ ನಾಡಿನ ಮನೆತನಗಳನ್ನು ನೆನಪಿಸುತ್ತವೆ) ನ್ಯಾಯಮೂರ್ತಿ ಕುಮಾರಸ್ವಾಮಿ ಶಾಸ್ತ್ರಿಗಳು ಒಂದು ಮಹತ್ತ್ವದ ಮಾತು ಹೇಳಿದರು. ಪ್ರಶ್ನೆಯು ಹೊಸದಾಗಿ ತಮ್ಮೆದುರು ಬಂದಿದ್ದರೆ, ಆಧುನಿಕ ಸಂಶೋಧನೆಯ ಬೆಳಕಿನಲ್ಲಿ, ಜೈನರು ಹಿಂದೂಧರ್ಮದಿಂದ ಒಡೆದು ಹೋದ ಪಂಗಡವೆಂಬ ಮಾತನ್ನು ತಾವು ಒಪ್ಪುತ್ತಿರಲಿಲ್ಲವೆಂಬುದು ಅವರ ಅಭಿಪ್ರಾಯದ ಸಾರ. ಸಂಶೋಧನೆಯ ಬೆಳಕು ಎಂಬ ಪದಗಳನ್ನು ಗಮನಿಸಿರಿ. ವಿದ್ವಾಂಸರು ಗ್ರಂಥಾಲಯದಲ್ಲಿ ಕುಳಿತು ಮಾಡಿದ ಕೆಲಸವು ಹಲವು ವರ್ಷಗಳ ಅನಂತರ ನ್ಯಾಯಾಲಯದಲ್ಲಿ ಫಲ ಕೊಡುವ ರೀತಿ ಇದು.

1956ರ ಹಿಂದೂ ಉತ್ತರಾಧಿಕಾರ ಹಾಗೂ ದತ್ತಕ ಕಾಯಿದೆಗಳು ಜೈನರಿಗೂ ಅನ್ವಯಿಸುವುದರಿಂದ ಆ ಹಳೆಯ ವಾದಗಳಲ್ಲಿ ಹಲವು ಇಂದು ಇತಿಹಾಸದ ಸಂಗತಿಗಳು. ಆದರೆ ಹೊಸ ಪ್ರಶ್ನೆಗಳು ಬರುತ್ತಲೇ ಇವೆ. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚನ್ಯಾಯಾಲಯವು ಸಲ್ಲೇಖನಾವ್ರತವನ್ನು ಆತ್ಮಹತ್ಯೆಗೆ ಸಮಾನವೆಂದು ಎಣಿಸಿದ ತೀರ್ಪು ಎಷ್ಟು ತಳಮಳವನ್ನುಂಟುಮಾಡಿತೆಂಬುದು ಎಲ್ಲರ ನೆನಪಿನಲ್ಲಿದೆ. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ಕೊಟ್ಟಿತು. ಆ ಮೂರು ವಾರಗಳಲ್ಲಿ ಊರೂರುಗಳಲ್ಲಿ ಮೌನ ಮೆರವಣಿಗೆಗಳು ನಡೆದವು, ಅದು ಸರಿಯೇ. ಆದರೆ ತಡೆಯಾಜ್ಞೆ ಬಂದದ್ದು ಆಗಮವನ್ನೂ ಸಂವಿಧಾನವನ್ನೂ ಒಟ್ಟಿಗೆ ಓದಿ ಮೇಲ್ಮನವಿ ಬರೆಯಬಲ್ಲವರಿದ್ದುದರಿಂದ.

ಒಂದು ಮೃತ್ಯುಪತ್ರದ ಕಥೆ

ನ್ಯಾಯವಿದ್ಯೆಗೆ ಕೊಟ್ಟ ದತ್ತಿಯು ಹೇಗೆ ಕೆಲಸ ಮಾಡುತ್ತದೆಂಬುದಕ್ಕೆ ಭಾರತದಲ್ಲಿ ಕಲಕತ್ತೆಯ ಟಾಗೋರ್ ದತ್ತಿಗಿಂತ ಉತ್ತಮ ನಿದರ್ಶನವಿಲ್ಲವೆಂದು ನನ್ನ ಎಣಿಕೆ. ಆದುದರಿಂದ ಅದನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಪ್ರಸನ್ನಕುಮಾರ ಟಾಗೋರರು ಕಲಕತ್ತೆಯ ಸದರ್ ದಿವಾನಿ ಅದಾಲತ್ತಿನ ಪ್ರಖ್ಯಾತ ವಕೀಲರು, ದೊಡ್ಡ ಜಮೀನುದಾರರು. 1868ರಲ್ಲಿ ಅವರು ನಿಧನರಾದಾಗ ಬಿಟ್ಟುಹೋದ ಮೃತ್ಯುಪತ್ರದಲ್ಲಿ ಎರಡು ಬಗೆಯ ಏರ್ಪಾಡುಗಳಿದ್ದವು. ಒಂದು ತಮ್ಮ ಆಸ್ತಿ ಯಾರ ಯಾರ ಕೈಗೆ ಹೋಗಬೇಕೆಂಬುದು. ಇನ್ನೊಂದು ಕಲಕತ್ತಾ ವಿಶ್ವವಿದ್ಯಾಲಯದಲ್ಲಿ ಒಂದು ಕಾನೂನು ಪ್ರಾಧ್ಯಾಪಕ ಪೀಠ. ಆ ಪೀಠಕ್ಕೆ ಬಂದ ವಿದ್ವಾಂಸನು ಉಪನ್ಯಾಸಮಾಲೆಯನ್ನು ಕೊಡಬೇಕು, ಉಪನ್ಯಾಸಗಳು ಮುದ್ರಣವಾಗಬೇಕು, ಪ್ರತಿಗಳನ್ನು ಉಚಿತವಾಗಿ ಹಂಚಬೇಕು. ಮುದ್ರಿಸಿ ಹಂಚುವ ಈ ಕೊನೆಯ ಷರತ್ತನ್ನು ಓದುವಾಗ ನಮಗೆ ಅತ್ತಿಮಬ್ಬೆಯ ನೆನಪಾಗದೆ ಇರದು.

ಆಸ್ತಿಯ ಏರ್ಪಾಡು ಮಾತ್ರ ಕಹಿಯಾಗಿತ್ತು. ಅವರ ಏಕಮಾತ್ರ ಪುತ್ರ ಜ್ಞಾನೇಂದ್ರಮೋಹನರು ಕ್ರೈಸ್ತಮತವನ್ನು ಸ್ವೀಕರಿಸಿದ್ದರು. 1862ರಲ್ಲಿ ಲಂಡನ್ನಿನ ಲಿಂಕನ್ಸ್ ಇನ್‌ನಲ್ಲಿ ಬ್ಯಾರಿಸ್ಟರ್ ಪದವಿ ಪಡೆದು ಆ ಪದವಿಗೇರಿದ ಮೊದಲ ಭಾರತೀಯರೆನಿಸಿದರು. ನ್ಯಾಯವಿದ್ಯೆಗೆ ದತ್ತಿಯಿಟ್ಟ ತಂದೆ ನ್ಯಾಯವಿದ್ಯೆ ಕಲಿತ ಮಗನಿಗೆ ಮೃತ್ಯುಪತ್ರದಲ್ಲಿ ಏನನ್ನೂ ಬಿಡಲಿಲ್ಲ. ಆಸ್ತಿಯು ಬಂಧುವಾದ ಜತೀಂದ್ರಮೋಹನರಿಗೆ, ಅವರ ಅನಂತರ ಇನ್ನೂ ಹುಟ್ಟದಿದ್ದ ಗಂಡುಸಂತತಿಗೆ ಸಾಲುಸಾಲಾಗಿ ಸಲ್ಲಬೇಕೆಂದು ಬರೆದಿಟ್ಟರು. ಮಗ ನ್ಯಾಯಾಲಯಕ್ಕೆ ಹೋದರು. 1872ರಲ್ಲಿ ಪ್ರಿವಿ ಕೌನ್ಸಿಲ್ ಕೊಟ್ಟ ತೀರ್ಪು ಇಂದಿಗೂ ಕಾನೂನು ಕಾಲೇಜುಗಳಲ್ಲಿ ಪಾಠವಾಗಿದೆ. ಮೃತ್ಯುಪತ್ರ ಬರೆದವನು ಸತ್ತಾಗ ಹುಟ್ಟಿರದವನಿಗೆ ಮಾಡಿದ ದಾನವು ಹಿಂದೂ ಕಾನೂನಿನಂತೆ ಸಿಂಧುವಲ್ಲ, ಕಾನೂನು ಅರಿಯದ ಹೊಸಬಗೆಯ ವಾರಸಿಕೆಯನ್ನು ವ್ಯಕ್ತಿಯು ತನ್ನಿಚ್ಛೆಯಂತೆ ಸೃಷ್ಟಿಸಲಾರನು, ಆದ್ದರಿಂದ ಜತೀಂದ್ರಮೋಹನರ ಜೀವಿತಾನಂತರ ಆಸ್ತಿ ಮಗನಿಗೇ ಸಲ್ಲತಕ್ಕದ್ದು ಎಂದಿತು ಆ ತೀರ್ಪು.

ವಂಶದ ಕೀರ್ತಿಗಾಗಿ ಶಾಶ್ವತವಾಗಿ ಕಟ್ಟಿಡಲು ಹೊರಟ ಆಸ್ತಿ ಹೀಗೆ ಸಡಿಲವಾಯಿತು. ಅಪರಿಚಿತ ವಿದ್ಯಾರ್ಥಿಗಳಿಗಾಗಿ ಇಟ್ಟ ದತ್ತಿಯೊಂದೇ ಭದ್ರವಾಗಿ ಉಳಿಯಿತು. 1870ರಲ್ಲಿ ಹರ್ಬರ್ಟ್ ಕೊವೆಲ್ ಅವರಿಂದ ಆರಂಭವಾದ ಆ ಉಪನ್ಯಾಸಪರಂಪರೆಯಲ್ಲಿ ಬಂದ ಹೆಸರುಗಳನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ರಾಸಬಿಹಾರಿ ಘೋಷರು ಅಡಮಾನದ ಕಾನೂನಿನ ಮೇಲೆ ಮಾತನಾಡಿದರು. ಗುರುದಾಸ ಬ್ಯಾನರ್ಜಿಯವರು ವಿವಾಹ ಮತ್ತು ಸ್ತ್ರೀಧನದ ಮೇಲೆ 1878ರಲ್ಲಿ ಕೊಟ್ಟ ಉಪನ್ಯಾಸಗಳು ಬಹುಕಾಲ ವಕೀಲರ ಕೈಗನ್ನಡಿಯಾಗಿದ್ದವು. ಆಶುತೋಷ ಮುಖರ್ಜಿಯವರು ಆರಿಸಿಕೊಂಡ ವಿಷಯವಂತೂ ಆಸ್ತಿಯನ್ನು ಶಾಶ್ವತವಾಗಿ ಕಟ್ಟಿಡುವುದನ್ನು ನಿಷೇಧಿಸುವ ಕಾನೂನು. ದತ್ತಿಯಿಟ್ಟವರ ಮೃತ್ಯುಪತ್ರವೇ ಯಾವ ತತ್ತ್ವದ ಮೇಲೆ ಮುರಿದುಬಿತ್ತೋ ಅದೇ ತತ್ತ್ವವನ್ನು ಅವರ ಹಣದಿಂದಲೇ ಪಾಠ ಹೇಳಲಾಯಿತು! ರಾಸಬಿಹಾರಿ ಘೋಷರು ಮುಂದೆ ವಕೀಲಿಯಲ್ಲಿ ಗಳಿಸಿದ ಧನದಲ್ಲಿ ಲಕ್ಷಾಂತರ ರೂಪಾಯಿಗಳನ್ನು ಅದೇ ವಿಶ್ವವಿದ್ಯಾಲಯದ ವಿಜ್ಞಾನಶಿಕ್ಷಣಕ್ಕೆ ಧಾರೆಯೆರೆದರೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ನಮಗೆ ಅತ್ಯಂತ ಹತ್ತಿರದ ಉಪನ್ಯಾಸವೆಂದರೆ 1951ರದು. ಆಗ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾಗಿದ್ದ ಬಿಜನಕುಮಾರ ಮುಖರ್ಜಿಯವರು ಧಾರ್ಮಿಕ ಮತ್ತು ಧರ್ಮಾರ್ಥ ದತ್ತಿಗಳ ಕಾನೂನನ್ನು ವಿಷಯವಾಗಿ ತೆಗೆದುಕೊಂಡರು. ಮೂರೇ ವರ್ಷಗಳ ಮೇಲೆ, 1954ರ ಮಾರ್ಚಿನಲ್ಲಿ, ಆ ವಿದ್ವತ್ತು ನೇರವಾಗಿ ತೀರ್ಪುಗಳಲ್ಲಿ ಇಳಿಯಿತು. ಉಡುಪಿಯ ಶೀರೂರು ಮಠದ ಮೊಕದ್ದಮೆಯ ತೀರ್ಪನ್ನು ಬರೆದವರು ಅವರೇ. ಎರಡು ದಿನಗಳ ಅಂತರದಲ್ಲಿ ರತಿಲಾಲ ಪಾನಾಚಂದ ಗಾಂಧಿ ಮತ್ತು ಮುಂಬಯಿ ಸರ್ಕಾರದ ನಡುವಣ ಮೊಕದ್ದಮೆಯ ತೀರ್ಪನ್ನೂ ಬರೆದವರು ಅವರೇ. ರತಿಲಾಲರು ಒಂದು ಜೈನ ಸಾರ್ವಜನಿಕ ಮಂದಿರದ ವ್ಯವಸ್ಥಾಪಕರು.

ದೇವದ್ರವ್ಯ ಬೇರೆ, ವಿದ್ಯಾನಿಧಿ ಬೇರೆ

ರತಿಲಾಲರ ಮೊಕದ್ದಮೆಯನ್ನು ಇಲ್ಲಿ ಎತ್ತಿದ್ದಕ್ಕೆ ಇನ್ನೊಂದು ಕಾರಣವುಂಟು. ಮುಂಬಯಿ ಸಾರ್ವಜನಿಕ ವಿಶ್ವಸ್ತ ಕಾಯಿದೆ 1950, ಎಂದರೆ ಇಂದು ಮಹಾರಾಷ್ಟ್ರ ಸಾರ್ವಜನಿಕ ವಿಶ್ವಸ್ತ ಕಾಯಿದೆಯೆಂಬ ಹೆಸರಿನಿಂದ ಸೋಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ನಮ್ಮ ಬಸದಿಗಳ ವಿಶ್ವಸ್ತ ಮಂಡಲಗಳು ನೋಂದಣಿಯಾಗಿರುವ ಅದೇ ಕಾಯಿದೆ, ಆ ಮೊಕದ್ದಮೆಯಲ್ಲಿ ಪರೀಕ್ಷೆಗೆ ಒಳಗಾಗಿತ್ತು. ಧರ್ಮಾದಾಯ ಆಯುಕ್ತರನ್ನೇ ಧಾರ್ಮಿಕ ಸಂಸ್ಥೆಯ ವಿಶ್ವಸ್ತರನ್ನಾಗಿ ನೇಮಿಸಬಹುದೆಂಬ ವಿಧಿ ಬಿದ್ದುಹೋಯಿತು. ಆಯುಕ್ತರ ಕಚೇರಿಗೆ ಕೊಡಬೇಕಾದ ವಂತಿಗೆ ತೆರಿಗೆಯಲ್ಲ, ಸೇವಾಶುಲ್ಕವೆಂದು ಊರ್ಜಿತವಾಯಿತು. ಇವೆರಡಕ್ಕಿಂತ ಮುಖ್ಯವಾದುದು ಮೂರನೆಯದು: ಮೂಲೋದ್ದೇಶವನ್ನು ನೆರವೇರಿಸಲು ಸಾಧ್ಯವಿರುವಾಗ ಧಾರ್ಮಿಕ ನಿಧಿಯನ್ನು ಬೇರೆ ಉದ್ದೇಶಕ್ಕೆ ತಿರುಗಿಸುವ ಅಧಿಕಾರ ಧರ್ಮಸ್ವಾತಂತ್ರ್ಯಕ್ಕೆ ವಿರುದ್ಧವೆಂದು ನ್ಯಾಯಾಲಯವು ಹೇಳಿತು.

ದೇವದ್ರವ್ಯದ ವಿಷಯದಲ್ಲಿ ನಮ್ಮ ಪರಂಪರೆಯು ಹೇಳುತ್ತ ಬಂದದ್ದೂ ಇದನ್ನೇ. ಜಿನಪೂಜೆಗೆಂದು ಬಂದ ದ್ರವ್ಯವನ್ನು ಮತ್ತೊಂದಕ್ಕೆ, ಅದು ಎಷ್ಟೇ ಒಳ್ಳೆಯ ಕಾರ್ಯವಿದ್ದರೂ, ಬಳಸಲಾಗದು. ಉತ್ಸವಕಾಲದಲ್ಲಿ ಯಾರಾದರೂ ಉತ್ಸಾಹಿ ತರುಣರು ಎದ್ದುನಿಂತು, ಭಂಡಾರದಲ್ಲಿ ಇಷ್ಟು ಹಣವಿದೆಯಲ್ಲ, ಮಕ್ಕಳ ಓದಿಗೆ ಕೊಡಿರಿ ಎನ್ನುವುದುಂಟು. ಅವರ ಕಳಕಳಿ ಮೆಚ್ಚತಕ್ಕದ್ದು; ಸಲಹೆ ಮಾತ್ರ ಧರ್ಮಕ್ಕೂ ಕಾನೂನಿಗೂ ಒಪ್ಪುವುದಿಲ್ಲ. ವಿದ್ಯಾರ್ಥಿಗಳಿಗೆ ಸಹಾಯ ಮಾಡಬೇಕಾದರೆ ಅದಕ್ಕೆಂದೇ ಪ್ರತ್ಯೇಕ ನಿಧಿ, ಪ್ರತ್ಯೇಕ ಪಾವತಿ ಪುಸ್ತಕ, ಪ್ರತ್ಯೇಕ ಬ್ಯಾಂಕ್ ಖಾತೆ ಬೇಕು. ವಿಶ್ವಸ್ತ ಪತ್ರದ ಉದ್ದೇಶಗಳಲ್ಲಿ ವಿದ್ಯಾಪ್ರಸಾರವು ಇಲ್ಲದಿದ್ದರೆ ಅದನ್ನು ಸೇರಿಸಿಕೊಳ್ಳಲು ಮೊದಲು ಧರ್ಮಾದಾಯ ಆಯುಕ್ತರ ಕಚೇರಿಯ ಮೂಲಕ ಸಾಗಬೇಕು. ದಾತಾರರು ಕೊಡುವ ಹಣವು ಮೂಲನಿಧಿಗೋ ಚಾಲ್ತಿ ಖರ್ಚಿಗೋ ಎಂಬುದನ್ನು ಬರವಣಿಗೆಯಲ್ಲಿ ತಿಳಿಸಬೇಕು. ಒಂದೇ ಸಮಾಜದವರಿಗೆ ಮೀಸಲಾದ ನಿಧಿಗೂ ಸರ್ವರಿಗೂ ತೆರೆದ ನಿಧಿಗೂ ಆದಾಯ ತೆರಿಗೆಯ ಕಾನೂನು ಒಂದೇ ದೃಷ್ಟಿಯಿಂದ ನೋಡುವುದಿಲ್ಲವಾದ್ದರಿಂದ ಆರಂಭದಲ್ಲಿಯೇ ಲೆಕ್ಕಪರಿಶೋಧಕರನ್ನು ಕೇಳುವುದು ಲೇಸು. ಈ ಸಲಹೆಗಾದರೂ ನಮ್ಮಲ್ಲಿ ಕೊರತೆಯಿಲ್ಲ. ಪ್ರತಿ ಊರಿನ ಸಮಾಜದಲ್ಲಿಯೂ ಲೆಕ್ಕಪರಿಶೋಧಕರು ದೊರೆಯುತ್ತಾರೆ!

ಮೂಲಧನವನ್ನು ಮುಟ್ಟದೆ ಬಡ್ಡಿಯಿಂದ ಕಾರ್ಯ ನಡೆಸುವ ಕ್ರಮ ನಮಗೆ ಹೊಸದಲ್ಲ. ಶ್ರವಣಬೆಳಗೊಳದ ಶಾಸನಗಳಲ್ಲಿ ಇಷ್ಟು ಗದ್ಯಾಣವನ್ನು ಇಟ್ಟು ಅದರ ಬಡ್ಡಿಯಿಂದ ಗೊಮ್ಮಟದೇವರ ಅಭಿಷೇಕಕ್ಕೆ ಹಾಲು, ಪೂಜೆಗೆ ಹೂವು ನಡೆಯುವಂತೆ ಮಾಡಿದ ಶ್ರಾವಕರ ಹೆಸರುಗಳು ಕೊರೆಯಲ್ಪಟ್ಟಿವೆ. ಇಂದಿನ ಲೆಕ್ಕವನ್ನು ಹೀಗೆ ಹಾಕಬಹುದು. ಹತ್ತು ಲಕ್ಷ ರೂಪಾಯಿಗಳ ಮೂಲನಿಧಿಗೆ ಶೇಕಡಾ 6ರ ಬಡ್ಡಿ ಹಿಡಿದರೆ ವರ್ಷಕ್ಕೆ 60,000 ರೂಪಾಯಿ. ಬೆಲೆಯೇರಿಕೆಯಿಂದ ನಿಧಿ ಸವೆಯದಂತೆ ಅದರಲ್ಲಿ ಐದನೆಯ ಒಂದು ಪಾಲು, ಅಂದರೆ 12,000, ಮೂಲಕ್ಕೇ ಸೇರಿಸಬೇಕು. ಉಳಿಯುವ 48,000ದಲ್ಲಿ ಒಬ್ಬ ವಿದ್ಯಾರ್ಥಿಗೆ ತಿಂಗಳಿಗೆ 4,000ದಂತೆ ಕೊಡಬಹುದು. ದೊಡ್ಡ ಮೊತ್ತವಲ್ಲ, ಆದರೆ ಪಟ್ಟಣದ ವಸತಿಗೃಹದಲ್ಲಿದ್ದು ಕಲಿಯುವ ಹಳ್ಳಿಯ ಹುಡುಗಿಗೆ ಓದು ಮುಂದುವರಿಸುವುದೋ ನಿಲ್ಲಿಸುವುದೋ ಎಂಬುದನ್ನು ನಿರ್ಣಯಿಸಲು ಇಷ್ಟೇ ಸಾಕಾಗುವುದುಂಟು.

ಪೀಠ, ಕಟ್ಟಡ, ವಿದ್ಯಾರ್ಥಿ

ದಾನವು ಪೀಠಕ್ಕೆ ಸಲ್ಲಬಹುದು, ಸಂಸ್ಥೆಗೆ ಸಲ್ಲಬಹುದು, ವಿದ್ಯಾರ್ಥಿಗೆ ನೇರವಾಗಿ ಸಲ್ಲಬಹುದು. ಮುಂಬಯಿಯ ಸರ್ಕಾರಿ ಕಾನೂನು ಕಾಲೇಜಿನ ಮೂಲವೂ ಸಾರ್ವಜನಿಕರ ವಂತಿಗೆಯೇ. 1852ರಲ್ಲಿ ನಿವೃತ್ತರಾದ ಮುಖ್ಯ ನ್ಯಾಯಾಧೀಶ ಸರ್ ಅರ್ಸ್ಕಿನ್ ಪೆರಿಯವರ ಗೌರವಾರ್ಥ ನಗರದ ಪ್ರಜೆಗಳು ಕೂಡಿಸಿದ ಹಣದಿಂದ ನ್ಯಾಯಶಾಸ್ತ್ರದ ಪೆರಿ ಪ್ರಾಧ್ಯಾಪಕ ಪೀಠ ಏರ್ಪಟ್ಟು 1855ರಲ್ಲಿ ಪಾಠ ಆರಂಭವಾಯಿತು. ಆ ಪ್ರಜೆಗಳು ಒಂದು ಶಿಲಾಪ್ರತಿಮೆ ನಿಲ್ಲಿಸಿ ಸುಮ್ಮನಾಗಬಹುದಾಗಿತ್ತು. ಎಂಬತ್ತು ವರ್ಷಗಳ ಅನಂತರ, 1935ರಲ್ಲಿ, ಅದೇ ಪೆರಿ ಪೀಠದಲ್ಲಿ ಕುಳಿತವರು, ಅದೇ ಕಾಲೇಜಿನ ಪ್ರಾಂಶುಪಾಲರಾದವರು ಡಾ. ಬಾಬಾಸಾಹೇಬ ಅಂಬೇಡ್ಕರರು.

ಅಂಬೇಡ್ಕರರ ಸ್ವಂತ ವಿದ್ಯಾರ್ಥಿಜೀವನವು ಇನ್ನೊಂದು ಬಗೆಯ ದಾನಕ್ಕೆ ಸಾಕ್ಷಿ. ಬಡೋದೆಯ ಸಯಾಜಿರಾವ್ ಮಹಾರಾಜರ ವಿದ್ಯಾರ್ಥಿವೇತನದಿಂದ ಅವರು 1913ರಲ್ಲಿ ಅಮೆರಿಕೆಗೆ ಹೋದರು. 1916ರಲ್ಲಿ ಲಂಡನ್ನಿಗೆ ಬಂದು ಗ್ರೇಸ್ ಇನ್‌ನಲ್ಲಿ ಬ್ಯಾರಿಸ್ಟರ್ ಓದಿಗೆ ಸೇರಿಕೊಂಡರು. ಆದರೆ ವೇತನದ ಅವಧಿ ಮುಗಿದುದರಿಂದ 1917ರಲ್ಲಿ ಓದನ್ನು ಅರ್ಧಕ್ಕೆ ಬಿಟ್ಟು ಮರಳಬೇಕಾಯಿತು. ಮುಂಬಯಿಯಲ್ಲಿ ಪಾಠ ಹೇಳಿ ಉಳಿಸಿದ ಹಣ, ಕೊಲ್ಹಾಪುರದ ಶಾಹೂ ಮಹಾರಾಜರ ನೆರವು, ಪಾರಸಿ ಮಿತ್ರರೊಬ್ಬರ ಸಾಲ, ಇವು ಮೂರೂ ಕೂಡಿದ ಮೇಲೆ 1920ರಲ್ಲಿ ಮತ್ತೆ ಹೊರಟು 1922ರಲ್ಲಿ ಬ್ಯಾರಿಸ್ಟರ್ ಆದರು. ಆ ಮೂರು ವರ್ಷಗಳ ವಿಘ್ನವನ್ನು ಅವರಂಥ ಅಸಾಮಾನ್ಯರು ದಾಟಿಬಂದರು. ಸಾಮಾನ್ಯ ವಿದ್ಯಾರ್ಥಿಯಾದರೆ ಅಲ್ಲಿಗೇ ಕೈಬಿಡುತ್ತಿದ್ದನು. ನೆರವು ಕೊಡುವವರು ಮೊದಲ ವರ್ಷದ ಶುಲ್ಕ ಕಟ್ಟಿ ಛಾಯಾಚಿತ್ರ ತೆಗೆಸಿಕೊಂಡು ಸುಮ್ಮನಾಗದೆ ಶಿಕ್ಷಣದ ಪೂರ್ಣ ಅವಧಿಗೆ ಮಾತು ಕೊಡಬೇಕೆನ್ನುವುದು ಇದಕ್ಕಾಗಿಯೇ. ಅಂಬೇಡ್ಕರರ ಪೀಪಲ್ಸ್ ಎಜುಕೇಶನ್ ಸೊಸೈಟಿಯು 1956ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾನೂನು ಕಾಲೇಜನ್ನು ತೆರೆಯಿತು.

ನಮ್ಮ ಸೀಮೆಗೆ ಬಂದರೆ, ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ತರುಣರು ವಕೀಲರಾಗಲು ಪುಣೆ, ಮುಂಬಯಿಗಳಿಗೆ ಹೋಗುತ್ತಿದ್ದ ಕಾಲದಲ್ಲಿ, 1939ರಲ್ಲಿ, ಬೆಳಗಾವಿಯಲ್ಲಿ ಕರ್ನಾಟಕ ಲಾ ಸೊಸೈಟಿ ಹುಟ್ಟಿತು. ಅದರ ಕಾನೂನು ಕಾಲೇಜು ವಂಟಮುರಿಯ ರಾಜಾ ಲಖಮಗೌಡರ ಹೆಸರನ್ನು ಹೊತ್ತಿದೆ. 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದ ಇ. ಎಸ್. ವೆಂಕಟರಾಮಯ್ಯನವರು ಅಲ್ಲಿ ಓದಿದವರು. ಸೋಲಾಪುರದ ದಯಾನಂದ ಕಾನೂನು ಕಾಲೇಜಿನ ಪೂರ್ಣನಾಮದಲ್ಲಿ ದಮಾಣಿ ಮನೆತನದ ಹೆಸರುಗಳು ಸೇರಿರುವುದನ್ನು ಅಲ್ಲಿ ಓದಿದ ಎಷ್ಟೋ ವಿದ್ಯಾರ್ಥಿಗಳು ಪ್ರಮಾಣಪತ್ರದ ಮೇಲೆ ನೋಡಿಯೂ ಗಮನಿಸಿರಲಾರರು.

ಹಣ ಎಲ್ಲಿ ನಿಜವಾಗಿ ಬೇಕು

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ದಾನದ ಫಲವು ವಿಧಿ, ದ್ರವ್ಯ, ದಾತೃ, ಪಾತ್ರಗಳ ವಿಶೇಷದಿಂದ ಹೆಚ್ಚುಕಡಿಮೆಯಾಗುತ್ತದೆಂದು ತಿಳಿಸುತ್ತದೆ. ವಿಧಿಯ ಮಾತು ಮೇಲೆ ಬಂದಿತು. ಪಾತ್ರದ ಬಗೆಗೆ ಎರಡು ಮಾತು ಅವಶ್ಯ.

ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ 1988ರಲ್ಲಿ ಪಾಠಗಳು ಆರಂಭವಾದ ಮೇಲೆ ಅದರ ಮಾದರಿಯಲ್ಲಿ ದೇಶದಾದ್ಯಂತ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳು ತಲೆಯೆತ್ತಿವೆ. ಐದು ವರ್ಷಗಳ ಓದು, ಇಂಗ್ಲಿಷ್ ಮಾಧ್ಯಮ, ಲಕ್ಷಗಳಲ್ಲಿ ಶುಲ್ಕ. ಪ್ರವೇಶ ಪರೀಕ್ಷೆಯ ತಯಾರಿಗೇ ಪಟ್ಟಣದ ತರಬೇತಿ ಕೇಂದ್ರಗಳಲ್ಲಿ ಸಾಕಷ್ಟು ಖರ್ಚಾಗುತ್ತದೆ. ಪ್ರೊ. ಶಮ್ನಾದ್ ಬಷೀರ್ ಅವರು 2010ರಲ್ಲಿ ಆರಂಭಿಸಿದ ಇಡಿಯಾ ಎಂಬ ಸಂಸ್ಥೆಯು ಬಡ ಮತ್ತು ಹಿಂದುಳಿದ ಮನೆಗಳ ಮಕ್ಕಳನ್ನು ಗುರುತಿಸಿ, ಪರೀಕ್ಷೆಗೆ ಸಿದ್ಧಪಡಿಸಿ, ಪ್ರವೇಶ ದೊರೆತ ಮೇಲೆ ದಾನಿಗಳಿಂದ ಶುಲ್ಕ ಒದಗಿಸುವ ಕೆಲಸವನ್ನು ಮಾಡುತ್ತ ಬಂದಿದೆ. ಬಷೀರರು 2019ರಲ್ಲಿ ತೀರಿಕೊಂಡರೂ ಕೆಲಸ ನಿಂತಿಲ್ಲ. ಪ್ರವೇಶಕ್ಕಿಂತ ಮೊದಲೇ ನೆರವು ಆರಂಭವಾಗಬೇಕೆಂಬ ಅವರ ಕ್ರಮವನ್ನು ನಮ್ಮ ಪಾಠಶಾಲೆಗಳೂ ಅನುಸರಿಸಬಹುದು.

ಪದವಿ ಮುಗಿದ ಮೇಲಿನ ಹಂತವಂತೂ ಹೆಚ್ಚು ಕಠಿಣ. ಸನ್ನದು ಪಡೆಯಲು ಹಲವು ರಾಜ್ಯಗಳ ವಕೀಲರ ಪರಿಷತ್ತುಗಳು ಹದಿನೈದು ಸಾವಿರದಿಂದ ನಲವತ್ತು ಸಾವಿರ ರೂಪಾಯಿಗಳವರೆಗೂ ವಸೂಲು ಮಾಡುತ್ತಿದ್ದವು. 2024ರ ಜುಲೈ 30ರಂದು ಸರ್ವೋಚ್ಚ ನ್ಯಾಯಾಲಯವು 1961ರ ವಕೀಲರ ಕಾಯಿದೆಯಲ್ಲಿ ಹೇಳಿದುದಕ್ಕಿಂತ ಹೆಚ್ಚು ಪಡೆಯುವಂತಿಲ್ಲವೆಂದು ತೀರ್ಮಾನಿಸಿತು: ಸಾಮಾನ್ಯ ಅಭ್ಯರ್ಥಿಗೆ ಒಟ್ಟು 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125 ರೂಪಾಯಿ. ಆ ಬಾಗಿಲು ತೆರೆಯಿತು. ಆದರೆ ಸನ್ನದು ಪಡೆದ ಕಿರಿಯ ವಕೀಲನು ಹಿರಿಯರ ಕಚೇರಿಯಲ್ಲಿ ಕಡತ ಹೊರುತ್ತ ಕಳೆಯುವ ಮೊದಲ ಎರಡು ಮೂರು ವರ್ಷಗಳಲ್ಲಿ ಅವನ ಕೈಗೆ ಬರುವುದು ಬಹಳ ಕಡಿಮೆ. ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ನಗರಗಳಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಬೇಕೆಂದು ಹಿರಿಯ ವಕೀಲರಿಗೆ ಶಿಫಾರಸು ಮಾಡಿತು, ಕಡ್ಡಾಯ ಮಾಡಲಿಲ್ಲ. ತಾಲೂಕಿನ ನ್ಯಾಯಾಲಯದಲ್ಲಿ ಹಿರಿಯರಿಗೇ ಅಷ್ಟು ಗಳಿಕೆ ಇಲ್ಲದಿರುವಾಗ ಅವರು ಎಲ್ಲಿಂದ ಕೊಟ್ಟಾರು? ಆಸ್ತಿಯ ಆಸರೆಯಿಲ್ಲದ ಮನೆಯ ಮಕ್ಕಳು, ಅದರಲ್ಲಿಯೂ ಹೆಣ್ಣುಮಕ್ಕಳು, ವೃತ್ತಿಯನ್ನು ತೊರೆಯುವುದು ಇಲ್ಲಿಯೇ. ವಿದ್ಯಾರ್ಥಿವೇತನವು ಪದವಿಯ ದಿನಕ್ಕೆ ಮುಗಿಯದೆ ಇನ್ನೆರಡು ವರ್ಷ ಮುಂದುವರಿಯುವಂತೆ ನಿಯಮ ಮಾಡಿದರೆ, ಕಟ್ಟಡದ ಗೋಡೆಗೆ ಹೆಸರು ಕೆತ್ತಿಸುವುದಕ್ಕಿಂತ ಅದು ಹೆಚ್ಚು ಫಲಕಾರಿ ಎಂಬುದು ನನ್ನ ದೃಢ ನಂಬಿಕೆ.

ಸಂಸ್ಥೆಗಳಿಗೆ ಕೊಡಬಯಸುವವರು ಕಾಲೇಜಿನ ಕಾನೂನು ನೆರವು ಕೇಂದ್ರವನ್ನು ಮರೆಯಬಾರದು. ಅಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಮಾರ್ಗದರ್ಶನದಲ್ಲಿ ಬಡವರ ಅರ್ಜಿ ಬರೆಯುತ್ತಾರೆ, ಹಳ್ಳಿಗಳಿಗೆ ಹೋಗಿ ಹಕ್ಕುಗಳನ್ನು ತಿಳಿಸುತ್ತಾರೆ. ವಿದ್ಯಾರ್ಥಿಗೆ ಕಲಿಕೆ, ದೀನನಿಗೆ ಅಭಯ. ಒಂದೇ ರೂಪಾಯಿಯಲ್ಲಿ ಎರಡು ದಾನಗಳು ಸಲ್ಲುತ್ತವೆ. ಬಸ್ಸಿನ ಖರ್ಚು, ಕಾಗದ, ಒಂದು ಗಣಕಯಂತ್ರ, ಇಷ್ಟಾದರೆ ಒಂದು ಕೇಂದ್ರ ವರ್ಷವಿಡೀ ನಡೆಯುತ್ತದೆ. ಅಣಕು ನ್ಯಾಯಾಲಯದ ಸ್ಪರ್ಧೆಗಳಿಗೆ ಪಾರಿತೋಷಕ ಇಡುವುದು ಒಳ್ಳೆಯದೇ, ಆದರೆ ಅದಕ್ಕೆ ದಾನಿಗಳು ಸುಲಭವಾಗಿ ದೊರೆಯುತ್ತಾರೆ.

ಗಡಿಭಾಗದ ನಮಗೆ ಸಂಬಂಧಿಸಿದ ಇನ್ನೊಂದು ಸಂಗತಿ ಭಾಷೆಯದು. ಅಕ್ಕಲಕೋಟೆ ತಾಲೂಕಿನ ಮನೆಯಲ್ಲಿ ಕನ್ನಡ, ತಾಲೂಕು ನ್ಯಾಯಾಲಯದಲ್ಲಿ ಮರಾಠಿ, ಕಾಲೇಜಿನ ಪುಸ್ತಕದಲ್ಲಿ ಇಂಗ್ಲಿಷ್. ಅಜ್ಜನ ಜಮೀನಿಗೆ ಇಲ್ಲಿ ಸಾತ್ ಬಾರಾ ಉತಾರ. ಅಜ್ಜಿಯ ತವರಿನ ಪಾಲಿಗೆ ಇಂಡಿ ತಾಲೂಕಿನಲ್ಲಿ ಕನ್ನಡದ ಪಹಣಿ. ಎರಡೂ ಕಾಗದಗಳನ್ನು ಓದಬಲ್ಲ ವಕೀಲನೊಬ್ಬ ಊರಲ್ಲಿದ್ದರೆ ಎಷ್ಟೋ ಕುಟುಂಬಗಳ ಪಾಲುಪಟ್ಟಿ ನ್ಯಾಯಾಲಯದ ಮೆಟ್ಟಿಲು ಹತ್ತದೆಯೇ ಮುಗಿಯುತ್ತದೆ. ಮರಾಠಿ ಮಾಧ್ಯಮದಲ್ಲಿ ಕಲಿತ ಕನ್ನಡ ಮನೆಯ ಮಕ್ಕಳಿಗೆ ಈ ಶಕ್ತಿ ಸಹಜವಾಗಿಯೇ ಇದೆ. ಅವರಿಗೆ ಇಲ್ಲದಿರುವುದು ಇಂಗ್ಲಿಷಿನ ಗ್ರಂಥಗಳನ್ನು ಮೊದಲ ವರ್ಷದಲ್ಲಿ ಕೈಹಿಡಿದು ಓದಿಸುವವರು.

ಆದುದರಿಂದ ವಿದ್ಯಾನಿಧಿಯೊಂದನ್ನು ಏರ್ಪಡಿಸುವ ವಿಶ್ವಸ್ತ ಮಂಡಲಗಳು ವೇತನದ ಜೊತೆಗೆ ಒಂದು ಚಿಕ್ಕ ಪುಸ್ತಕ ಭಂಡಾರವನ್ನೂ ಯೋಜಿಸುವುದು ಉಚಿತ. ಕಾಯಿದೆಗಳ ಮೂಲಪಠ್ಯ ಇಂಗ್ಲಿಷಿನಲ್ಲಿ, ಅವುಗಳ ಮರಾಠಿ ಮತ್ತು ಕನ್ನಡ ಅನುವಾದಗಳು ಪಕ್ಕದಲ್ಲಿ, ಮುಖರ್ಜಿಯವರ 1951ರ ಉಪನ್ಯಾಸಗ್ರಂಥ ಒಂದು ಪ್ರತಿ. 2024ರ ಜುಲೈ 1ರಿಂದ ಹಳೆಯ ದಂಡಸಂಹಿತೆ, ದಂಡಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಕಾಯಿದೆಗಳ ಸ್ಥಾನದಲ್ಲಿ ಹೊಸ ಸಂಹಿತೆಗಳು ಜಾರಿಗೆ ಬಂದಿರುವುದರಿಂದ ಹಿರಿಯ ವಕೀಲರು ಪ್ರೀತಿಯಿಂದ ಕೊಡುವ ಹಳೆಯ ಪುಸ್ತಕಗಳನ್ನು ಸ್ವೀಕರಿಸುವಾಗ ಯಾವುದು ಇನ್ನೂ ಚಾಲ್ತಿಯಲ್ಲಿದೆಯೆಂಬುದನ್ನು ಬಲ್ಲವರಿಂದ ನೋಡಿಸಿಕೊಂಡು ಕಪಾಟಿನಲ್ಲಿ ಇಡತಕ್ಕದ್ದು.